ಅಮಿಸ್ಟಾಡ್ ಸಿನಿಮಾದಲ್ಲಿ ಇತಿಹಾಸ ಎಷ್ಟು, ಕಟ್ಟುಕತೆ ಎಷ್ಟು?

ಹಳೇ ಟಾಕೀಸ್:
ನಮ್ಮ ಡಿಗ್ರಿ ಕಾಲೇಜಿನ ಸಿನಿಮಾ ಕೂಟದಲ್ಲಿ ಮುಂದಿನ ತಿಂಗಳು ಸ್ಪೀಲ್‌ಬರ್ಗ್‌ನ ‘ಅಮಿಸ್ಟಾಡ್’ ಹಾಕೋಣ ಅಂತಿದ್ದೇನೆ. 1997ರ ಚಿತ್ರ. ಇತಿಹಾಸ ವಿಭಾಗದ ಮೇಷ್ಟ್ರೊಬ್ಬರು ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ‘ಅರ್ಧ ಸುಳ್ಳು ರೀ ಅದು. ಹುಡುಗರು ಅದನ್ನೇ ಪರೀಕ್ಷೆಯಲ್ಲಿ ಬರೆದು ಬರ್ತಾರೆ’ ಅನ್ನೋದು ಅವರ ವಾದ.

ನೋಡದೇ ಇರುವವರಿಗೆ ಕತೆ ಇಷ್ಟು. 1839ರ ಜೂನ್ ಕೊನೆಗೆ, ಆಗ ಸ್ಪೇನ್ ಕೈಲಿದ್ದ ಕ್ಯೂಬಾದ ಹವಾನಾದಿಂದ ಅಮಿಸ್ಟಾಡ್ ಅನ್ನುವ ಸಣ್ಣ ಹಡಗು ಹೊರಟಿತು. ಅದರಲ್ಲಿ ಆಫ್ರಿಕಾದಿಂದ ಕದ್ದು ತಂದ 53 ಜನ. 49 ಗಂಡಸರು, ನಾಲ್ಕು ಮಕ್ಕಳು. ಮೂರು ನಾಲ್ಕು ದಿನದಲ್ಲೇ ಅವರು ಸರಪಳಿ ಬಿಚ್ಚಿಕೊಂಡರು. ಸರಕಿನಲ್ಲಿದ್ದ ಕಬ್ಬು ಕಡಿಯುವ ಕತ್ತಿ ಹಿಡಿದು ಕ್ಯಾಪ್ಟನ್‌ನನ್ನೂ ಅಡುಗೆಯವನನ್ನೂ ಕೊಂದರು. ತಮ್ಮನ್ನು ಕೊಂಡಿದ್ದ ರೂಯಿಸ್, ಮೊಂಟೆಸ್ ಅನ್ನುವ ಇಬ್ಬರನ್ನು ದಾರಿ ತೋರಿಸಲಿ ಅಂತ ಉಳಿಸಿಕೊಂಡರು. ಮೊಂಟೆಸ್ ಹಗಲೆಲ್ಲ ಸೂರ್ಯ ಹುಟ್ಟುವ ಕಡೆ ಹಡಗು ನಡೆಸಿದ. ರಾತ್ರಿ ಸುಮ್ನೆ ಅಮೆರಿಕದ ಕಡೆ ತಿರುಗಿಸಿದ. ಆಗಸ್ಟ್ 26ರಂದು ಲಾಂಗ್ ಐಲ್ಯಾಂಡ್ ತುದಿಯಲ್ಲಿ ಅಮೆರಿಕದ ನೌಕಾಪಡೆ ಹಡಗನ್ನು ಹಿಡಿಯಿತು. ಆಮೇಲೆ ಕನೆಕ್ಟಿಕಟ್ ಜೈಲು, ಕೋರ್ಟು, 1841ರಲ್ಲಿ ಸುಪ್ರೀಂ ಕೋರ್ಟು, ಬಿಡುಗಡೆ. ಇಷ್ಟರ ಮಟ್ಟಿಗೆ ಸಿನಿಮಾ ಸರಿಯಾಗಿದೆ.

ನನ್ನ ಪ್ರಶ್ನೆ ಸಿನಿಮಾದಲ್ಲಿ ಸುಳ್ಳು ಇದೆಯೋ ಇಲ್ಲವೋ ಅನ್ನೋದಲ್ಲ. ಇದ್ದೇ ಇರುತ್ತೆ. ಯಾವ ಸುಳ್ಳು ಸಹಿಸಬಹುದು, ಯಾವುದನ್ನು ಸಹಿಸಬಾರದು? ಬಲ್ಲವರು ಹೇಳಿ.

ಕರಿಕೋಟು:
ವಕೀಲನಾಗಿ ಮೊದಲು ಕೋರ್ಟಿನ ಭಾಗ ಹೇಳಿಬಿಡ್ತೀನಿ. ಬೇರೆಯವರು ಉಳಿದದ್ದು ನೋಡಿಕೊಳ್ಳಲಿ.

ಸಿನಿಮಾದಲ್ಲಿ ಆಫ್ರಿಕದವರ ಪರ ವಾದಿಸುವ ಬಾಲ್ಡ್‌ವಿನ್ ಅಂದ್ರೆ ಕೇಸು ಹುಡುಕಿಕೊಂಡು ಅಲೆಯುವ ಹುಡುಗ ವಕೀಲ. ಕೊಳೆ ಕೋಟು, ಕೆದರಿದ ತಲೆ. ಆಫ್ರಿಕದವರನ್ನು ಆಸ್ತಿ ವ್ಯಾಜ್ಯದ ದನಕರುವಿನ ಹಾಗೆ ನೋಡ್ತಾನೆ, ಆಮೇಲೆ ನಿಧಾನಕ್ಕೆ ಮನಸ್ಸು ಕರಗುತ್ತೆ. ನಿಜವಾದ ರೋಜರ್ ಶೆರ್ಮನ್ ಬಾಲ್ಡ್‌ವಿನ್ ಹುಟ್ಟಿದ್ದು 1793ರಲ್ಲಿ. ಕೇಸು ಹಿಡಿದಾಗ ನಲವತ್ತಾರು ವರ್ಷ. ದೊಡ್ಡ ಮನೆತನ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ರೋಜರ್ ಶೆರ್ಮನ್‌ನ ಮೊಮ್ಮಗ. ಮೊದಲಿನಿಂದಲೂ ಗುಲಾಮಗಿರಿಯ ವಿರೋಧಿ. ಮುಂದೆ ಕನೆಕ್ಟಿಕಟ್‌ನ ಗವರ್ನರ್ ಕೂಡ ಆದ. ಸಿನಿಮಾಕ್ಕೆ ‘ಬದಲಾಗುವ ಹೀರೋ’ ಬೇಕಿತ್ತು, ಅದಕ್ಕೇ ಈ ವೇಷ.

ಇನ್ನು ಜಡ್ಜ್. ಸಿನಿಮಾದಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರೆನ್ ಹಳೇ ಜಡ್ಜ್‌ನನ್ನೂ ಜ್ಯೂರಿಯನ್ನೂ ಎತ್ತಂಗಡಿ ಮಾಡಿ, ಕಾಗ್ಲಿನ್ ಅನ್ನುವ ಎಳೆಯ ಜಡ್ಜ್‌ನನ್ನು ಕೂರಿಸ್ತಾನೆ. ಪೂರ್ತಿ ಕಟ್ಟುಕತೆ. ಆ ಕೇಸಿನಲ್ಲಿ ಜ್ಯೂರಿಯೇ ಇರಲಿಲ್ಲ. ಜಡ್ಜ್ ಮೊದಲಿಂದ ಕೊನೆವರೆಗೂ ಆಂಡ್ರೂ ಜಡ್ಸನ್. ಈ ಜಡ್ಸನ್ ಯಾರು ಗೊತ್ತಾ? 1833ರಲ್ಲಿ ಪ್ರುಡೆನ್ಸ್ ಕ್ರಾಂಡಲ್ ಅನ್ನುವ ಹೆಣ್ಣುಮಗಳು ಕಪ್ಪು ಹುಡುಗಿಯರಿಗೆ ಶಾಲೆ ತೆರೆದಾಗ ಆಕೆಯ ಮೇಲೆ ಕೇಸು ನಡೆಸಿದವರಲ್ಲಿ ಮುಂದಾಳು. ಅಂಥವನು 1840ರ ಜನವರಿಯಲ್ಲಿ ‘ಇವರು ಹುಟ್ಟಾ ಸ್ವತಂತ್ರರು, ಕದ್ದು ತಂದವರು’ ಅಂತ ತೀರ್ಪು ಕೊಟ್ಟ. ಇದಕ್ಕಿಂತ ಒಳ್ಳೆ ನಾಟಕ ಬೇಕಿತ್ತಾ? ನಿಜವೇ ಜಾಸ್ತಿ ರೋಚಕವಾಗಿದ್ದಾಗ ಯಾಕೆ ಬದಲಾಯಿಸ್ತಾರೋ!

ವ್ಯಾನ್ ಬ್ಯೂರೆನ್ ನಿಜವಾಗಿ ಮಾಡಿದ್ದು ಬೇರೆ. ತೀರ್ಪು ಸ್ಪೇನ್ ಪರ ಬಂದೇ ಬರುತ್ತೆ ಅಂದುಕೊಂಡು, ಮೇಲ್ಮನವಿಗೆ ಹೊತ್ತು ಸಿಗದ ಹಾಗೆ ಇವರನ್ನೆಲ್ಲ ಕ್ಯೂಬಾಕ್ಕೆ ಸಾಗಿಸಲು ‘ಗ್ರಾಂಪಸ್’ ಅನ್ನುವ ನೌಕಾಪಡೆಯ ಹಡಗನ್ನು ನ್ಯೂ ಹೇವನ್ ಬಂದರಿನಲ್ಲಿ ಕಾಯಿಸಿ ನಿಲ್ಲಿಸಿದ್ದ. ಇದು ದಾಖಲೆಯಲ್ಲಿದೆ.

ಹಳೇ ಟಾಕೀಸ್:
ಸರ್, ಹಾಗಾದ್ರೆ ಸುಪ್ರೀಂ ಕೋರ್ಟಿನಲ್ಲಿ ಮಾಜಿ ಅಧ್ಯಕ್ಷ ಆಡಮ್ಸ್ ಭಾಷಣ? ನನ್ನ ಹುಡುಗರು ಚಪ್ಪಾಳೆ ಹೊಡೆಯೋದೇ ಅಲ್ಲಿ.

ಕರಿಕೋಟು:
ಆಂಥನಿ ಹಾಪ್ಕಿನ್ಸ್‌ಗೆ ನಾನೂ ಚಪ್ಪಾಳೆ ಹೊಡೆದವನೇ. ಆದ್ರೆ ನಿಜವಾದ ಜಾನ್ ಕ್ವಿನ್ಸಿ ಆಡಮ್ಸ್ ಮಾತಾಡಿದ್ದು ಎರಡು ದಿನ, ಒಟ್ಟು ಎಂಟು ಗಂಟೆಗೂ ಮೇಲೆ. 1841ರ ಫೆಬ್ರವರಿ 24 ಮತ್ತು ಮಾರ್ಚ್ 1. ನಡುವೆ ಒಬ್ಬ ಜಡ್ಜ್ ರಾತ್ರಿ ಮಲಗಿದಲ್ಲೇ ತೀರಿಕೊಂಡಿದ್ದರಿಂದ ಕೋರ್ಟು ನಿಂತಿತ್ತು. ಆಡಮ್ಸ್‌ಗೆ ಆಗ 73. ಮೂವತ್ತು ವರ್ಷಕ್ಕೂ ಮೇಲೆ ಆ ಕೋರ್ಟಿನಲ್ಲಿ ವಾದ ಮಾಡಿರಲಿಲ್ಲ. ಭಾಷಣದ ದೊಡ್ಡ ಪಾಲು ವ್ಯಾನ್ ಬ್ಯೂರೆನ್ ಸರ್ಕಾರದ ಪತ್ರಗಳನ್ನು ಒಂದೊಂದಾಗಿ ಹಿಡಿದು ಹರಿದು ಹಾಕೋದು.

ಒಂದು ವಿಷಯ ಸಿನಿಮಾದಲ್ಲಿ ಸರಿಯಾಗಿದೆ. ಸ್ವಾತಂತ್ರ್ಯ ಘೋಷಣೆಯ ಪ್ರತಿ ಕೋರ್ಟಿನ ಕಂಬದ ಮೇಲೆ ತೂಗುಹಾಕಿತ್ತು. ಆಡಮ್ಸ್ ಅದನ್ನು ಕೈ ಮಾಡಿ ತೋರಿಸಿದ್ದು ನಿಜ. ಆದ್ರೆ ‘ನಮ್ಮ ಪೂರ್ವಜರನ್ನು ಕರೆಯೋಣ’ ಅನ್ನುವ ಆ ಮಾತು ಚಿತ್ರಕಥೆಯವರದ್ದು. ನಿಜವಾದ ಆಡಮ್ಸ್ ಕೊನೆಗೆ ನೆನೆದದ್ದು ಅದೇ ಪೀಠದಲ್ಲಿ ಕೂತು ತೀರಿಹೋದ ಜಡ್ಜ್‌ಗಳನ್ನು. ‘ಅವರೆಲ್ಲ ಎಲ್ಲಿ ಹೋದರು’ ಅಂತ ಹೆಸರು ಹಿಡಿದು ಕೇಳಿದ. ಎದುರಿಗೆ ಕೂತ ಜಡ್ಜ್‌ಗಳಿಗೆ ನೇರ ಚುಚ್ಚುವ ಮಾತು ಅದು.

ತೀರ್ಪನ್ನು ಗೆದ್ದುಕೊಟ್ಟದ್ದು ಮಾತ್ರ ಬಾಲ್ಡ್‌ವಿನ್‌ನ ಒಣ ವಾದ. ಸ್ಪೇನ್ ಜೊತೆ 1795ರ ಒಪ್ಪಂದ ಇತ್ತು. ಕಡಲ್ಗಳ್ಳರಿಂದ ಬಿಡಿಸಿದ ಹಡಗು, ಸರಕನ್ನು ಒಡೆಯನಿಗೆ ವಾಪಸ್ ಕೊಡಬೇಕು, ಆದ್ರೆ ಒಡೆತನಕ್ಕೆ ಸರಿಯಾದ ಪುರಾವೆ ಬೇಕು. ರೂಯಿಸ್, ಮೊಂಟೆಸ್ ಹತ್ತಿರ ಇದ್ದ ಕಾಗದಗಳಲ್ಲಿ ಇವರನ್ನೆಲ್ಲ ಕ್ಯೂಬಾದಲ್ಲೇ ಬಹಳ ಕಾಲದಿಂದ ಇರುವ ಗುಲಾಮರು ಅಂತ, ಸ್ಪ್ಯಾನಿಷ್ ಹೆಸರು ಕೊಟ್ಟು ಬರೆಸಿದ್ದರು. ದಂಗೆಯ ಮುಂದಾಳು ಸೆಂಗ್ಬೆ ಪಿಯೆ ಅನ್ನುವವನು ‘ಹೊಸೆ ಸಿಂಕೆ’ ಆಗಿದ್ದು ಹಾಗೆ. ಅವರಿಗೆ ಸ್ಪ್ಯಾನಿಷ್‌ನ ಒಂದು ಮಾತೂ ಬರ್ತಿರಲಿಲ್ಲ. ನಾಲ್ಕು ಮಕ್ಕಳ ವಯಸ್ಸು ನೋಡಿದ್ರೇ ಸಾಕಿತ್ತು, ಸ್ಪೇನ್ ಗುಲಾಮರ ಆಮದು ನಿಲ್ಲಿಸಬೇಕಿದ್ದ 1820ರಲ್ಲಿ ಅವು ಹುಟ್ಟೇ ಇರಲಿಲ್ಲ. ಕಾಗದ ಸುಳ್ಳು, ಆದ್ದರಿಂದ ಇವರು ಸರಕಲ್ಲ. ಮಾರ್ಚ್ 9ರಂದು ಜಸ್ಟಿಸ್ ಸ್ಟೋರಿ ಹೇಳಿದ್ದು ಅಷ್ಟೇ.

ಈಗ ಇದನ್ನು ತಿರುಗಿಸಿ ಓದಿ. ಕಾಗದ ಸರಿಯಾಗಿದ್ದಿದ್ರೆ ವಾಪಸ್ ಕಳಿಸ್ತಿದ್ರು! ಅದಕ್ಕೆ ಸಾಕ್ಷಿ ಆಂಟೋನಿಯೊ. ಕೊಲೆಯಾದ ಕ್ಯಾಪ್ಟನ್‌ನ ಗುಲಾಮ ಹುಡುಗ. ಅವನು ಕಾನೂನು ಪ್ರಕಾರ ಗುಲಾಮನೇ ಅಂತ ಅವನನ್ನು ಕ್ಯೂಬಾಕ್ಕೆ ಕಳಿಸಲು ಅದೇ ಕೇಸಿನಲ್ಲಿ ಆದೇಶ ಆಯ್ತು. ಗುಲಾಮಗಿರಿ ವಿರೋಧಿಗಳು ಗುಟ್ಟಾಗಿ ಮಾಂಟ್ರಿಯಲ್‌ಗೆ ಸಾಗಿಸಿದ್ದರಿಂದ ಬಚಾವಾದ. ಸಿನಿಮಾ ನೋಡಿ ಬಂದವರನ್ನು ಕೇಳಿ, ಆಂಟೋನಿಯೊ ಯಾರು ಅಂತ ಒಬ್ಬರಿಗೂ ನೆನಪಿರಲ್ಲ. ನನ್ನ ಪ್ರಕಾರ ದೊಡ್ಡ ತಪ್ಪು ಇದೇ. ‘ಅಮೆರಿಕದ ಕೋರ್ಟು ಗುಲಾಮಗಿರಿಯ ವಿರುದ್ಧ ನಿಂತಿತು’ ಅನ್ನುವ ಭಾವನೆ ಕೊಟ್ಟು ಕಳಿಸ್ತಾರೆ.

ಕಡ್ಲೆಕಾಯಿ:
ಗುರು ಸಿನಿಮಾ ಅಂದ್ರೆ ಸಿನಿಮಾ. ಎಂಟು ಗಂಟೆ ಭಾಷಣ ಹಾಕಿದ್ರೆ ಇಂಟರ್‌ವಲ್‌ಗೆ ಎದ್ದು ಹೋದವರು ವಾಪಸ್ ಬರ್ತಾರಾ?

ಕಡತದ ಹುಳು:
ಎಂಟು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದ್ದಕ್ಕೆ ಯಾರ ತಕರಾರೂ ಇಲ್ಲ ಕಡ್ಲೆಕಾಯಿ ಅವರೇ. ಸಮಯ ಕುಗ್ಗಿಸೋದು ಒಂದು, ಭಾರವನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸೋದು ಇನ್ನೊಂದು. ನನ್ನ ಜಗಳ ಎರಡನೆಯದರ ಜೊತೆ.

ಮಾರ್ಗನ್ ಫ್ರೀಮನ್ ಮಾಡಿದ ಜೋಡ್ಸನ್ ಪಾತ್ರ ಗೊತ್ತಲ್ಲ. ಕಪ್ಪು ಜನಾಂಗದ ಶ್ರೀಮಂತ, ಗುಲಾಮಗಿರಿ ವಿರೋಧಿ. ಅಂಥವನು ಇರಲೇ ಇಲ್ಲ. ಆದ್ರೆ ಅಂಥವರು ಇದ್ದರು! ಹಾರ್ಟ್‌ಫರ್ಡ್‌ನ ಪಾದ್ರಿ ಜೇಮ್ಸ್ ಪೆನಿಂಗ್ಟನ್, ಸ್ವತಃ ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದವರು. ಅಮಿಸ್ಟಾಡ್ ಜನರನ್ನು ಊರಿಗೆ ಕಳಿಸುವ ಕೆಲಸಕ್ಕೆ 1841ರಲ್ಲಿ ಸಂಘ ಕಟ್ಟಿದವರು. ಫಿಲಡೆಲ್ಫಿಯಾದ ರಾಬರ್ಟ್ ಪರ್ವಿಸ್ ಸೆಂಗ್ಬೆಯ ಆ ಪ್ರಸಿದ್ಧ ಚಿತ್ರವನ್ನು ದುಡ್ಡು ಕೊಟ್ಟು ಬರೆಸಿದವರು. ಬಿಳಿ ಬಟ್ಟೆ ಹೊದ್ದು, ಕೈಯಲ್ಲಿ ಕೋಲು ಹಿಡಿದು ನಿಂತ ಚಿತ್ರ. ಇವರಿಬ್ಬರನ್ನೂ ಬಿಟ್ಟು ಒಬ್ಬ ಇಲ್ಲದ ಮನುಷ್ಯನನ್ನು ಸೃಷ್ಟಿ ಮಾಡಿದ್ದಾರೆ. ಮಾಡಿ ಅವನಿಗೆ ಕೊಟ್ಟ ಕೆಲಸ ಏನು? ಬಾಲ್ಡ್‌ವಿನ್ ಹಿಂದೆ ಹಿಂದೆ ಓಡಾಡೋದು, ಕತ್ತಲೆ ಹಡಗಿನಲ್ಲಿ ಲಾಟೀನು ಹಿಡಿದು ಬೆಚ್ಚಿ ಬೀಳೋದು.

ಇನ್ನೂ ಒಂದಿದೆ. ಚಿತ್ರ ಬಿಡುಗಡೆಯಾದಾಗ ಅಮೆರಿಕದ ಶಾಲೆಗಳಿಗೆ ಪಾಠದ ಕೈಪಿಡಿ ಹಂಚಿದರು. ಕಪ್ಪು ಜನರ ಗುಲಾಮಗಿರಿ ವಿರೋಧಿ ಹೋರಾಟವನ್ನು ಜೋಡ್ಸನ್ ಪಾತ್ರದ ಮೂಲಕ ಓದಿ ಅಂತ ಅದರಲ್ಲಿತ್ತು. ಇತಿಹಾಸಕಾರ ಎರಿಕ್ ಫೋನರ್ ಇದನ್ನೇ ಹಿಡಿದು ಟೀಕೆ ಮಾಡಿದ್ದರು. ಹಳೇ ಟಾಕೀಸ್ ಅವರೇ, ನಿಮ್ಮ ಇತಿಹಾಸ ಮೇಷ್ಟ್ರ ಭಯ ಸುಮ್ನೆ ಹುಟ್ಟಿದ್ದಲ್ಲ.

ಸಂಪಿಗೆ ರೋಡ್:
ನಾನು ಒಪ್ಪಲ್ಲ. ಜೋಡ್ಸನ್ ಇಲ್ಲದಿದ್ರೆ ಅಮೆರಿಕದ ಕಪ್ಪು ಮನುಷ್ಯ ಒಬ್ಬನೂ ಆ ಸಿನಿಮಾದಲ್ಲಿ ಗಟ್ಟಿಯಾಗಿ ಮಾತಾಡ್ತಾ ಇರಲಿಲ್ಲ. ಹತ್ತು ಜನರನ್ನು ಒಬ್ಬನಲ್ಲಿ ತೋರಿಸೋದು ನಾಟಕದವರ ಹಳೇ ವಿದ್ಯೆ. ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ಮಾಡಿಲ್ವಾ?

ಕಡತದ ಹುಳು:
ಮಾಡಿದ್ದಾರೆ ಮೇಡಂ, ಮಾಡಲಿ. ಆದ್ರೆ ಹತ್ತು ಜನರ ಕೆಲಸ ಒಬ್ಬನಿಗೆ ಕೊಟ್ಟಿದ್ರೆ ಆ ಒಬ್ಬ ದೊಡ್ಡವನಾಗಬೇಕಿತ್ತು. ಇಲ್ಲಿ ಹತ್ತು ಜನರನ್ನು ಕೂಡಿಸಿದ ಮೇಲೂ ಅರ್ಧ ಮನುಷ್ಯ ಆಗಿದ್ದಾನೆ. ದುಡ್ಡು ಕೂಡಿಸಲ್ಲ, ಸಭೆ ಕರೆಯಲ್ಲ, ಚರ್ಚಿನಲ್ಲಿ ಮಾತಾಡಲ್ಲ.

ಲೂಯಿಸ್ ಟಪ್ಪನ್‌ಗೆ ಆದ ಅನ್ಯಾಯ ಇನ್ನೂ ಜಾಸ್ತಿ. ಸಿನಿಮಾದಲ್ಲಿ ಅವನು ‘ಇವರು ಸತ್ತರೇ ನಮ್ಮ ಹೋರಾಟಕ್ಕೆ ಒಳ್ಳೆಯದು’ ಅನ್ನುವ ಧಾಟಿಯಲ್ಲಿ ಮಾತಾಡ್ತಾನೆ. ನಿಜವಾದ ಟಪ್ಪನ್ ನ್ಯೂಯಾರ್ಕ್‌ನ ವ್ಯಾಪಾರಿ. ಹಡಗು ಹಿಡಿದ ಸುದ್ದಿ ಬಂದ ಕೆಲವೇ ದಿನದಲ್ಲಿ ಜೋಸೆಲಿನ್, ಲೆವಿಟ್ ಜೊತೆ ಸೇರಿ ಸಮಿತಿ ಕಟ್ಟಿದ. ವಕೀಲರನ್ನು ಗೊತ್ತು ಮಾಡಿದ, ಬಟ್ಟೆ ಕೊಡಿಸಿದ, ಪತ್ರಿಕೆಗೆ ಬರೆದ, ಕೊನೆಗೆ ಊರಿಗೆ ಕಳಿಸುವವರೆಗೂ ಬಿಡಲಿಲ್ಲ. ಬದುಕಿದ್ದ ಮನುಷ್ಯನ ಹೆಸರು ಹಾಕಿ, ಅವನು ಆಡದ ಕೆಟ್ಟ ಮಾತು ಆಡಿಸೋದು ನನ್ನ ಲೆಕ್ಕದಲ್ಲಿ ಜೋಡ್ಸನ್‌ಗಿಂತ ದೊಡ್ಡ ಸುಳ್ಳು. ಇಲ್ಲದವನಿಗೆ ಮಾನ ಹೋಗಲ್ಲ, ಇದ್ದವನಿಗೆ ಹೋಗುತ್ತೆ.

ನ್ಯೂ ಹೇವನ್ ನಿವಾಸಿ:
ನಮಸ್ಕಾರ. ಮೂಲ ಶಿವಮೊಗ್ಗ, ಈಗ ಇರೋದು ಕನೆಕ್ಟಿಕಟ್‌ನಲ್ಲಿ. ಈ ಕತೆ ನಡೆದ ಊರಿನಲ್ಲೇ ಕೆಲಸ. ಅದಕ್ಕೆ ಒಂದೆರಡು ಮಾತು.

ಜೈಲು ಇದ್ದ ಜಾಗದಲ್ಲಿ ಈಗ ಸಿಟಿ ಹಾಲ್ ಇದೆ. ಅದರ ಮುಂದೆ ಎಡ್ ಹ್ಯಾಮಿಲ್ಟನ್ ಅನ್ನುವ ಶಿಲ್ಪಿ ಮಾಡಿದ ಕಂಚಿನ ಸ್ಮಾರಕ, 1992ರದ್ದು. ಸುಮಾರು 14 ಅಡಿ ಎತ್ತರ. ಮೂರು ಮುಖ. ಒಂದರಲ್ಲಿ ಸೆಂಗ್ಬೆ ತನ್ನ ಊರಿನಲ್ಲಿ, ಒಂದರಲ್ಲಿ ಕೋರ್ಟಿನಲ್ಲಿ, ಒಂದರಲ್ಲಿ ಊರಿಗೆ ಹೊರಟು ನಿಂತದ್ದು. ಮೇಲ್ಭಾಗದಲ್ಲಿ ನೀರಿನಲ್ಲಿ ಮುಳುಗುತ್ತಿರುವ ಒಬ್ಬ ಮನುಷ್ಯ ಇದ್ದಾನೆ. ರಸ್ತೆಯಲ್ಲಿ ನಿಂತರೆ ಕಾಣಲ್ಲ. ಸಿಟಿ ಹಾಲ್‌ನ ಮಹಡಿಯಿಂದ ಬಗ್ಗಿ ನೋಡಿದ್ರೆ ಮಾತ್ರ ಕಾಣ್ತಾನೆ. ಗೊತ್ತಿಲ್ಲದವರು ದಿನಾ ಪಕ್ಕದಲ್ಲೇ ಊಟದ ಡಬ್ಬಿ ಬಿಚ್ಚಿ ಕೂತಿರ್ತಾರೆ.

ಸಿನಿಮಾದಲ್ಲಿ ಸರಿಯಾಗಿ ಬಾರದ ಒಂದು ಸಂಗತಿ ಇದೆ. ಇವರನ್ನು ಜೈಲಿಗೆ ಹಾಕಿದ ಮೇಲೆ ಜೈಲಿನವನು ನೋಡಲು ಬಂದವರಿಂದ ತಲೆಗೆ ಹನ್ನೆರಡೂವರೆ ಸೆಂಟ್ ಟಿಕೆಟ್ ವಸೂಲಿ ಮಾಡಿದ! ಸಾವಿರಾರು ಜನ ಬಂದರು. ತಲೆಬುರುಡೆ ಅಳತೆ ತೆಗೆದು ಗುಣ ಹೇಳುವವರು ಬಂದರು. ಮೇಣದ ಗೊಂಬೆ ಮಾಡುವವರು ಬಂದರು. ಗಾಳಿಗೆ ಅಂತ ಊರ ನಡುವಿನ ಹುಲ್ಲುಗಾವಲಿಗೆ ಬಿಟ್ಟಾಗ ಇವರು ಲಾಗ ಹಾಕ್ತಿದ್ರು, ಜನ ಕಾಸು ಎಸೀತಿದ್ರು. ವಿಲಿಯಂ ಟೌನ್ಸೆಂಡ್ ಅನ್ನುವ ಊರ ಹುಡುಗ ಒಬ್ಬೊಬ್ಬರ ಮುಖವನ್ನೂ ಪೆನ್ಸಿಲ್‌ನಲ್ಲಿ ಬರೆದ. ಆ ಚಿತ್ರಗಳು ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅಂಗೈ ಅಗಲದ ಹಾಳೆಗಳು. ಕೆಳಗೆ ಹೆಸರು. ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಸಿನಿಮಾದಲ್ಲಿ ಸಿಂಕೆ, ಯಾಂಬಾ ಬಿಟ್ಟರೆ ಉಳಿದವರು ಒಂದು ಗುಂಪು ಅಷ್ಟೇ, ಅಲ್ವಾ?

ಕಡ್ಲೆಕಾಯಿ:
ಟಿಕೆಟ್ ವಿಷಯ ಕೇಳಿ ಹೊಟ್ಟೆ ತೊಳೆಸಿತು. ಕನೆಕ್ಟಿಕಟ್ ಉತ್ತರದ ರಾಜ್ಯ ಅಲ್ವಾ, ಅಲ್ಲಿ ಗುಲಾಮಗಿರಿ ಇರಲಿಲ್ಲ ಅಂದುಕೊಂಡಿದ್ದೆ.

ನ್ಯೂ ಹೇವನ್ ನಿವಾಸಿ:
ಇತ್ತು. ಪೂರ್ತಿ ರದ್ದಾಗಿದ್ದು 1848ರಲ್ಲಿ. ಪಕ್ಕದ ನ್ಯೂಯಾರ್ಕ್‌ನಲ್ಲಿ 1827ರಲ್ಲೇ ಮುಗಿದಿತ್ತು. ಹಡಗು ಸಿಕ್ಕಿದ್ದು ನ್ಯೂಯಾರ್ಕ್ ಕಡಲಲ್ಲಿ, ಲೆಫ್ಟಿನೆಂಟ್ ಗೆಡ್ನಿ ಎಳೆದುಕೊಂಡು ಹೋಗಿದ್ದು ಕನೆಕ್ಟಿಕಟ್‌ಗೆ. ಹಡಗು ರಕ್ಷಿಸಿದ್ದಕ್ಕೆ ಅವನಿಗೆ ಪಾಲು ಬೇಕಿತ್ತು, ಜನರನ್ನೂ ಸರಕಿನಲ್ಲಿ ಸೇರಿಸಿ ಲೆಕ್ಕ ಹಾಕಿದ್ದ. ಆದ್ರೆ ಕೋರ್ಟು ಹಡಗು, ಸಾಮಾನಿನ ಮೇಲೆ ಮಾತ್ರ ಪಾಲು ಕೊಟ್ಟಿತು.

ಕಡಲತಡಿ:
ಎಲ್ಲರೂ ಕೋರ್ಟಿನ ಮಾತೇ ಆಡ್ತಿದ್ದೀರಿ ಮಾರಾಯ್ರೆ. ಸಿನಿಮಾದ ಜೀವ ಇರೋದು ಕೋರ್ಟಿನಲ್ಲಿ ಅಲ್ಲ. ನಡುವೆ ಬರುವ ಆ ಹಡಗಿನ ಭಾಗ, ತೆಕೋರಾ. ಸಿಂಕೆ ತನ್ನ ಕತೆ ಹೇಳುವಾಗ ಬರುತ್ತಲ್ಲ, ಅದು. ಆಫ್ರಿಕದಿಂದ ಹವಾನಾಕ್ಕೆ ತಂದ ದೊಡ್ಡ ಹಡಗು. ಅಷ್ಟು ದೊಡ್ಡ ಬಜೆಟ್ಟಿನ ಹಾಲಿವುಡ್ ಚಿತ್ರದಲ್ಲಿ ಅದನ್ನು ಅಷ್ಟು ಹೊತ್ತು, ಕಣ್ಣು ತಿರುಗಿಸದೆ ತೋರಿಸಿದ್ದು ಸಣ್ಣ ವಿಷಯ ಅಲ್ಲ. ಜೈಲಿನಲ್ಲಿ ಗ್ರಾಬೋ, ಕಿಂಬೋ ಅನ್ನುವವರು ಹೇಳಿದ ಸಾಕ್ಷಿ ಇದೆ. ಒಳಗೆ ಮಹಡಿಯ ಎತ್ತರ ನಾಲ್ಕು ಅಡಿಗೂ ಕಡಿಮೆ. ಬೆನ್ನು ನೆಟ್ಟಗೆ ಮಾಡಿ ಕೂರೋದಕ್ಕೇ ಆಗ್ತಿರಲಿಲ್ಲ. ಇಬ್ಬಿಬ್ಬರಿಗೆ ಕೈಕಾಲು ಸೇರಿಸಿ ಕೋಳ. ಊಟ ಬೇಡ ಅಂದವರಿಗೆ ಚಾವಟಿ. ಇದನ್ನೇ ಸಿನಿಮಾ ತೋರಿಸಿದೆ.

ಬಲೆಗೆ ಕಲ್ಲು ಕಟ್ಟಿ ಐವತ್ತು ಜನರನ್ನು ಸಮುದ್ರಕ್ಕೆ ತಳ್ಳುವ ದೃಶ್ಯ ಇದೆಯಲ್ಲ. ಅದನ್ನು ಉತ್ಪ್ರೇಕ್ಷೆ ಅನ್ನುವವರು 1781ರ ‘ಜಾಂಗ್’ ಹಡಗಿನ ಕತೆ ಓದಬೇಕು. ಲಿವರ್‌ಪೂಲ್‌ನವರ ಹಡಗು. ಕುಡಿಯುವ ನೀರು ಸಾಲದು ಅಂತ ನೆಪ ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತ ನೀರಿಗೆ ಎಸೆದರು. ಆಮೇಲೆ ಊರಿಗೆ ಬಂದು ಸರಕು ನಷ್ಟ ಅಂತ ಇನ್ಶೂರೆನ್ಸ್ ಕೇಳಿದರು! 1783ರಲ್ಲಿ ಲಂಡನ್ ಕೋರ್ಟಿನಲ್ಲಿ ನಡೆದದ್ದು ಇನ್ಶೂರೆನ್ಸ್ ಕೇಸು. ಕೊಲೆ ಕೇಸು ಯಾರ ಮೇಲೂ ಆಗಲಿಲ್ಲ. ಸ್ಪೀಲ್‌ಬರ್ಗ್ ಅದರ ನೆನಪನ್ನೇ ತಂದು ತೆಕೋರಾ ಮೇಲೆ ಇಟ್ಟ ಹಾಗೆ ನನಗೆ ಕಾಣುತ್ತೆ. ಇಂಥ ಎರವಲು ನನಗೆ ಒಪ್ಪಿಗೆ. ಒಂದು ಹಡಗಿನದ್ದು ಇನ್ನೊಂದಕ್ಕೆ ಬಂತು, ಆದ್ರೆ ಆ ವ್ಯಾಪಾರದ ಬಗ್ಗೆ ಸುಳ್ಳು ಹೇಳಲಿಲ್ಲ.

ಲೆಕ್ಕವೂ ಮಕ್ಕಳಿಗೆ ಹೇಳಿ. ಸುಮಾರು 350 ವರ್ಷದಲ್ಲಿ ಆಫ್ರಿಕದಿಂದ ಹಡಗು ಹತ್ತಿಸಿದ್ದು ಹತ್ತಿರ ಹತ್ತಿರ 1 ಕೋಟಿ 25 ಲಕ್ಷ ಜನರನ್ನು. ದಡ ಮುಟ್ಟಿದವರು 1 ಕೋಟಿ 7 ಲಕ್ಷ. ಹಾಲಿವುಡ್ ನೋಡಿ ನಾವು ಎಲ್ಲರೂ ಅಮೆರಿಕಕ್ಕೇ ಹೋದರು ಅಂದುಕೊಳ್ತೇವೆ. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ನೇರವಾಗಿ ಬಂದವರು ನಾಲ್ಕು ಲಕ್ಷಕ್ಕೂ ಕಡಿಮೆ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು. ಉಳಿದವರಲ್ಲಿ ಹೆಚ್ಚಿನವರು ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗೆ.

ಬರೀ ಓದುಗ:
ನಾನು ಎಲ್ಲೋ ಓದಿದ್ದೆ, ಈ ಸಿಂಕೆ ವಾಪಸ್ ಹೋದ ಮೇಲೆ ತಾನೇ ಗುಲಾಮರ ವ್ಯಾಪಾರ ಮಾಡಿದನಂತೆ. ಅದನ್ನು ಸಿನಿಮಾದಲ್ಲಿ ಮುಚ್ಚಿಟ್ಟಿದ್ದಾರಂತೆ.

ಕಡತದ ಹುಳು:
ಇದು ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಅದಕ್ಕೆ ಒಂದು ದಾಖಲೆಯೂ ಇಲ್ಲ. ಇತಿಹಾಸಕಾರ ಹೋವರ್ಡ್ ಜೋನ್ಸ್ ಇದರ ಬೆನ್ನು ಹತ್ತಿ ಹೋದರು. 1950ರ ದಶಕದ ಒಂದು ಕಾದಂಬರಿಯಲ್ಲಿ ಆ ಮಾತು ಇತ್ತು. ಅಲ್ಲಿಂದ ದೊಡ್ಡ ಹೆಸರಿನ ಇತಿಹಾಸ ಪುಸ್ತಕಕ್ಕೆ ಹಾರಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಬರೆದರು. ಅವನ ಜೊತೆ ಹೋದ ಮಿಷನರಿಗಳು ವರ್ಷಗಟ್ಟಲೆ ಪತ್ರ ಬರೆದಿದ್ದಾರೆ. ಸೆಂಗ್ಬೆ ಮೇಲೆ ಅವರಿಗೆ ಬೇಕಾದಷ್ಟು ಸಿಟ್ಟಿತ್ತು, ಮಾತು ಕೇಳಲ್ಲ, ಮಿಷನ್ ಬಿಟ್ಟು ತಿರುಗ್ತಾನೆ ಅಂತ. ಗುಲಾಮರ ವ್ಯಾಪಾರ ಮಾಡಿದ್ರೆ ಬರೆಯದೆ ಬಿಡ್ತಿದ್ರಾ?

ನೋಡಿ, ಸಿನಿಮಾದವರು ಮಾತ್ರ ಕತೆ ಕಟ್ಟುತ್ತಾರೆ ಅಂದುಕೊಳ್ಳಬೇಡಿ. ಪಠ್ಯಪುಸ್ತಕದವರೂ ಕಟ್ಟುತ್ತಾರೆ. ಇದನ್ನು ಇತಿಹಾಸ ಮೇಷ್ಟ್ರಿಗೆ ಮೆಲ್ಲಗೆ ಹೇಳಿ.

ಯಲ್ಲಾಪುರ ರಸ್ತೆ:
ನಮ್ಮ ಕಡೆ ಸಿದ್ದಿ ಜನ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತ. ಅವರೂ ಆಫ್ರಿಕದಿಂದ ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದವರ ವಂಶ ಅಂತಾರೆ. ಈ ಸಿನಿಮಾದ ಕತೆ ಅವರದ್ದೂ ಅಂತ ಹೇಳಬಹುದಾ?

ಕಡಲತಡಿ:
ನಂಟು ಇದೆ, ಆದ್ರೆ ಅದೇ ಕತೆ ಅಲ್ಲ. ಸಿದ್ದಿಯರ ಹಿರಿಯರಲ್ಲಿ ಹೆಚ್ಚಿನವರು ಬಂದದ್ದು ಆಫ್ರಿಕದ ಪೂರ್ವ ಕರಾವಳಿಯಿಂದ, ಹಿಂದೂ ಮಹಾಸಾಗರದ ದಾರಿಯಲ್ಲಿ. ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರೂ ಅವರಲ್ಲಿದ್ದಾರೆ. ಅಟ್ಲಾಂಟಿಕ್ ಕತೆಯನ್ನು ಅವರ ತಲೆಗೆ ಕಟ್ಟಿದ್ರೆ ಅದೂ ಒಂದು ಸಿನಿಮಾ ಸುಳ್ಳೇ ಆಗುತ್ತೆ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ. ನಾನೂ ಬರ್ತೇನೆ.

ಸಂಪಿಗೆ ರೋಡ್:
ಕೇಳಬೇಕು ಅಂತಿದ್ದೆ. ಭಾಷೆ ಗೊತ್ತಿಲ್ಲದೆ ಬಂದರಿನಲ್ಲಿ ಎಣಿಕೆ ಹೇಳುತ್ತಾ ನಡೆಯುವ ದೃಶ್ಯ ನಿಜವಾ? ನನಗೆ ಇಡೀ ಸಿನಿಮಾದಲ್ಲಿ ಇಷ್ಟವಾದದ್ದು ಅದು.

ನ್ಯೂ ಹೇವನ್ ನಿವಾಸಿ:
ನಡೆದದ್ದು ನಿಜ, ನಡೆದವನು ಬೇರೆ. ಯೇಲ್‌ನ ಭಾಷಾ ಪ್ರಾಧ್ಯಾಪಕ ಜೋಸಯಾ ಗಿಬ್ಸ್ ಜೈಲಿಗೆ ಹೋಗಿ ಬೆರಳು ತೋರಿಸಿ ಇವರ ಮೆಂಡೆ ಭಾಷೆಯಲ್ಲಿ ಒಂದರಿಂದ ಹತ್ತು ಕಲಿತ. ಆಮೇಲೆ ನ್ಯೂಯಾರ್ಕ್ ಬಂದರಿನಲ್ಲಿ ಕಪ್ಪು ನಾವಿಕರ ಮುಂದೆ ಅದನ್ನೇ ಜೋರಾಗಿ ಹೇಳುತ್ತಾ ಅಲೆದ. ಜೇಮ್ಸ್ ಕೋವೀ ಅನ್ನುವ ಯುವಕನಿಗೆ ಅರ್ಥವಾಯಿತು. ಅವನೂ ಮೆಂಡೆಯವನೇ. ಚಿಕ್ಕಂದಿನಲ್ಲಿ ಅಪಹರಣವಾಗಿ, ಗುಲಾಮರ ಹಡಗಿನಿಂದ ಬ್ರಿಟಿಷರು ಬಿಡಿಸಿದವನು. ಆಗ ‘ಬಜರ್ಡ್’ ಅನ್ನುವ ಬ್ರಿಟಿಷ್ ಯುದ್ಧನೌಕೆಯಲ್ಲಿ ಕೆಲಸಕ್ಕಿದ್ದ. ಸಿನಿಮಾದಲ್ಲಿ ಗಿಬ್ಸ್ ಒಬ್ಬ ನಗೆಪಾತ್ರ. ಎಣಿಸುತ್ತಾ ನಡೆಯೋದು ಬಾಲ್ಡ್‌ವಿನ್, ಜೋಡ್ಸನ್. ಪಾಪದ ಮೇಷ್ಟ್ರ ಕೆಲಸವನ್ನು ಹೀರೋಗಳು ಕಿತ್ತುಕೊಂಡರು.

ಹಳೇ ಟಾಕೀಸ್:
ಮೇಷ್ಟ್ರಿಗೆ ಎಲ್ಲ ಕಾಲದಲ್ಲೂ ಇದೇ ಗತಿ!

ಇಷ್ಟು ಓದಿದ ಮೇಲೆ ಕೇಳ್ತೀನಿ. ಜೋಡ್ಸನ್, ಜಡ್ಜ್, ಟಪ್ಪನ್, ತೀರ್ಪಿನ ಅರ್ಥ. ಇವುಗಳಲ್ಲಿ ಒಂದನ್ನೇ ಹುಡುಗರಿಗೆ ಹೇಳಬೇಕು ಅಂದ್ರೆ ಯಾವುದು?

ಕಡತದ ಹುಳು:
ನೀವು ಹೆಸರಿಸಿದ ಯಾವುದೂ ಅಲ್ಲ. ಸಿನಿಮಾ ತೋರಿಸಿದ್ದರಲ್ಲಿ ಅಲ್ಲ, ಬಿಟ್ಟದ್ದರಲ್ಲಿ ಇದೆ ನನ್ನ ಉತ್ತರ.

ಸಿನಿಮಾದಲ್ಲಿ ಯಾಂಬಾ ಜೈಲಿನಲ್ಲಿ ಬೈಬಲ್‌ನ ಚಿತ್ರ ನೋಡಿ ನೋಡಿ ಏಸುವಿನ ಕತೆ ಊಹೆ ಮಾಡ್ತಾನೆ. ಚೆಂದದ ದೃಶ್ಯ. ಆದ್ರೆ ನಿಜಜೀವನದಲ್ಲಿ ಯೇಲ್ ವಿದ್ಯಾರ್ಥಿಗಳು ದಿನಾ ಜೈಲಿಗೆ ಹೋಗಿ ಇವರಿಗೆ ಇಂಗ್ಲಿಷ್ ಕಲಿಸಿದರು. ಹದಿನೆಂಟು ತಿಂಗಳು ಕಳೆಯುವ ಹೊತ್ತಿಗೆ ಇವರು ಓದುತ್ತಿದ್ದರು, ಬರೆಯುತ್ತಿದ್ದರು. ಕಾಲೆ ಅನ್ನುವ ಹುಡುಗ, ನಾಲ್ಕು ಮಕ್ಕಳಲ್ಲಿ ಒಬ್ಬನೇ ಗಂಡು, ಹನ್ನೊಂದರ ಆಸುಪಾಸು. 1841ರ ಜನವರಿಯಲ್ಲಿ ಅವನು ಆಡಮ್ಸ್‌ಗೆ ಕಾಗದ ಬರೆದ. ಮುರುಕು ಇಂಗ್ಲಿಷ್. ನಿಮಗೂ ಮಕ್ಕಳಿದ್ದಾರೆ, ಮೆಂಡೆಯವರು ಬಂದು ಅವರನ್ನೆಲ್ಲ ಆಫ್ರಿಕಾಕ್ಕೆ ಹೊತ್ತುಕೊಂಡು ಹೋದರೆ ನಿಮಗೆ ದುಃಖ ಆಗಲ್ವಾ ಅಂತ ಕೇಳ್ತಾನೆ. ಅಡುಗೆಯವನು ಕೊಂದು ತಿಂತೀನಿ ಅಂದ, ನಾವು ಹೆದರಿದೆವು, ಅವನನ್ನು ಕೊಂದೆವು ಅಂತ ಬರೀತಾನೆ. ಹಡಗಿನ ಅಡುಗೆಯವನು ಇವರಿಗೆ ಸನ್ನೆ ಮಾಡಿ ತೋರಿಸಿದ್ದು ಅದನ್ನೇ, ಕೊಂದು ಬೇಯಿಸ್ತಾರೆ ಅಂತ. ಅಂದ್ರೆ ಹನ್ನೊಂದು ವರ್ಷದ ಹುಡುಗ ಆತ್ಮರಕ್ಷಣೆಯ ವಾದ ಬರೆದು ವಕೀಲರಿಗೆ ಕಳಿಸಿದ್ದಾನೆ. ಇದು ಸಿನಿಮಾದಲ್ಲಿ ಇಲ್ಲ! ಬದಲಿಗೆ ಸಿಂಕೆ ಕೋರ್ಟಿನಲ್ಲಿ ಎದ್ದು ಮೂರು ಮಾತಿನ ಇಂಗ್ಲಿಷ್‌ನಲ್ಲಿ ಸ್ವಾತಂತ್ರ್ಯ ಕೊಡಿ ಅಂತ ಕೂಗ್ತಾನೆ. ಎದೆ ನಡುಗುತ್ತೆ, ಒಪ್ಪಿದೆ. ಆದ್ರೆ ವಾದ ಮಾಡುವವನನ್ನು ಕೂಗುವವನಾಗಿ ಮಾಡಿದರು.

ಕೊನೆಯೂ ಹಾಗೇ. ಸಿನಿಮಾದಲ್ಲಿ ತೀರ್ಪು ಬಂತು, ಬಿಳಿ ಬಟ್ಟೆ ಉಟ್ಟರು, ಹಡಗು ಹತ್ತಿದರು. ನಿಜವಾಗಿ ನಡೆದದ್ದು ಕೇಳಿ. ಕೆಳಗಿನ ಕೋರ್ಟು ‘ಸರ್ಕಾರವೇ ಇವರನ್ನು ಆಫ್ರಿಕಾಕ್ಕೆ ಮುಟ್ಟಿಸಲಿ’ ಅಂದಿತ್ತು. ಸುಪ್ರೀಂ ಕೋರ್ಟು ಆ ಭಾಗ ತೆಗೆದುಹಾಕಿತು. ಸ್ವತಂತ್ರರು, ಎಲ್ಲಿಗೆ ಬೇಕಾದ್ರೂ ಹೋಗಿ. ಸರಿ, ಹೋಗೋದು ಹೇಗೆ? ಹೊಸ ಅಧ್ಯಕ್ಷ ಟೈಲರ್ ಹಡಗು ಕೊಡಲ್ಲ ಅಂದ. ಆಗ ಇವರನ್ನು ಫಾರ್ಮಿಂಗ್ಟನ್ ಅನ್ನುವ ಹಳ್ಳಿಯಲ್ಲಿ ಇಟ್ಟರು. ಹೊಲದಲ್ಲಿ ದುಡಿದರು. ಊರೂರು ತಿರುಗಿ ಸಭೆಗಳಲ್ಲಿ ಹಾಡಿದರು, ಓದಿ ತೋರಿಸಿದರು. ಸೆಂಗ್ಬೆ ಮೆಂಡೆಯಲ್ಲಿ ತನ್ನ ಕತೆ ಹೇಳಿದ. ಟಿಕೆಟ್ ದುಡ್ಡು, ಚಂದಾ ಎಲ್ಲ ಸೇರಿಸಿ ತಮ್ಮ ಪ್ರಯಾಣದ ಖರ್ಚಿಗೆ ತಾವೇ ದಾರಿ ಮಾಡಿಕೊಂಡರು. ಫೂನೆ ಅನ್ನುವವನು ಆಗಸ್ಟ್‌ನಲ್ಲಿ ಅಲ್ಲಿನ ಕಾಲುವೆಯ ನೀರಿನಲ್ಲಿ ಮುಳುಗಿ ಸತ್ತ. ಒಳ್ಳೆ ಈಜುಗಾರ. ಊರಿನ ಕೊರಗು ತಾಳಲಾರದೆ ತಾನೇ ಮುಳುಗಿದ ಅಂತ ಜೊತೆಯವರು ಅಂದುಕೊಂಡರು. ನವೆಂಬರ್ ಕೊನೆಗೆ ‘ಜಂಟಲ್‌ಮನ್’ ಅನ್ನುವ ಹಡಗು ಹತ್ತಿದಾಗ 53ರಲ್ಲಿ ಉಳಿದಿದ್ದು 35. ಸಿಯೆರಾ ಲಿಯೋನ್ ಮುಟ್ಟಿದ್ದು 1842ರ ಜನವರಿಯಲ್ಲಿ.

ಮಕ್ಕಳಲ್ಲಿ ಒಬ್ಬಳು ಮಾರ್ಗ್ರು. ಆಮೇಲೆ ಅಮೆರಿಕಕ್ಕೆ ಮತ್ತೆ ಬಂದು ಓಬರ್ಲಿನ್‌ನಲ್ಲಿ ಓದಿ, ಊರಿಗೆ ವಾಪಸ್ ಹೋಗಿ ಟೀಚರ್ ಆದಳು. ಎರಡನೇ ಸಿನಿಮಾ ಇದರಲ್ಲೇ ಇದೆ. ಯಾರೂ ತೆಗೆದಿಲ್ಲ.

ಕರಿಕೋಟು:
ಇದಕ್ಕೆ ನನ್ನದೂ ಒಂದು ಸೇರಿಸಿ. ಸಿನಿಮಾದಲ್ಲಿ ತೀರ್ಪು ಬಂದ ಮೇಲೆ ಬ್ರಿಟಿಷ್ ನೌಕಾಪಡೆ ಲೋಂಬೊಕೊ ಗುಲಾಮರ ಕೋಟೆಯನ್ನು ಫಿರಂಗಿ ಹೊಡೆದು ಉಡಾಯಿಸುತ್ತೆ. ತೀರ್ಪಿನಿಂದಲೇ ಆಯ್ತೇನೋ ಅನ್ನಿಸುತ್ತೆ. ಆ ಗಲೀನಾಸ್ ಕರಾವಳಿಯ ಗುಲಾಮರ ಕೊಟ್ಟಿಗೆಗಳನ್ನು ಬ್ರಿಟಿಷ್ ಅಧಿಕಾರಿ ಡೆನ್ಮನ್ ಸುಟ್ಟು ಜನರನ್ನು ಬಿಡಿಸಿದ್ದು 1840ರಲ್ಲಿ. ಸುಪ್ರೀಂ ಕೋರ್ಟು ಬಾಯಿ ಬಿಡುವುದಕ್ಕೂ ಮುಂಚೆ.

ಕಡ್ಲೆಕಾಯಿ:
ಇಷ್ಟೆಲ್ಲ ತಪ್ಪು ಇದ್ರೂ ಒಂದು ಮಾತು. ಈ ಸಿನಿಮಾ ಇಲ್ಲದಿದ್ರೆ ನಾವು ಯಾರೂ ಇಲ್ಲಿ ಕೂತು ಕಾಲೆ ಬಗ್ಗೆ ಮಾತಾಡ್ತಾ ಇರಲಿಲ್ಲ.

ಸಂಪಿಗೆ ರೋಡ್:
ಅದಂತೂ ನಿಜ. ಚಿತ್ರದಲ್ಲಿ ಆಫ್ರಿಕದವರಿಂದ ಮೆಂಡೆ ಭಾಷೆಯನ್ನೇ ಆಡಿಸಿದ್ದಾರೆ ಅನ್ನೋದನ್ನೂ ಮರೀಬೇಡಿ. ಸಿಂಕೆ ಮಾಡಿದ ಜೈಮನ್ ಹೌನ್ಸೂ ಬೆನಿನ್ ದೇಶದವರು. ಮೆಂಡೆ ಅವರ ಭಾಷೆ ಅಲ್ಲ. ಈ ಚಿತ್ರಕ್ಕಾಗಿ ಕಲಿತರು. ಎಲ್ಲರ ಬಾಯಲ್ಲೂ ಇಂಗ್ಲಿಷ್ ತುರುಕಿ ಮುಗಿಸಬಹುದಿತ್ತು.

ಹಳೇ ಟಾಕೀಸ್:
ಸರಿ, ಹೀಗೆ ಮಾಡ್ತೀನಿ. ಸಿನಿಮಾ ಪೂರ್ತಿ ಹಾಕ್ತೀನಿ, ಕತ್ತರಿ ಇಲ್ಲ. ಇತಿಹಾಸ ಮೇಷ್ಟ್ರನ್ನೇ ಕರೆದು ಮುಗಿದ ಮೇಲೆ ಅರ್ಧ ಗಂಟೆ ಮಾತಾಡಿಸ್ತೀನಿ. ತಕರಾರು ಇದ್ದವರಿಗೇ ಮೈಕ್ ಕೊಟ್ಟರೆ ಒಳ್ಳೆಯದು. ಕಾಲೆಯ ಕಾಗದವನ್ನು ಕನ್ನಡಕ್ಕೆ ಮಾಡಿ ಒಬ್ಬ ವಿದ್ಯಾರ್ಥಿಯಿಂದ ಓದಿಸ್ತೀನಿ. ಜೋಡ್ಸನ್ ಇರಲಿಲ್ಲ ಅಂತ ಮೊದಲೇ ಹೇಳಲಾ, ಆಮೇಲೆ ಹೇಳಲಾ?

ಕಡತದ ಹುಳು:
ಆಮೇಲೆ. ಮೊದಲು ‘ಇವರಲ್ಲಿ ಯಾರು ನಿಜ, ಯಾರು ಕಲ್ಪನೆ’ ಅಂತ ಚೀಟಿಯಲ್ಲಿ ಬರೆಸಿ. ಜಡ್ಜ್ ಕಾಗ್ಲಿನ್ ಹೆಸರನ್ನೂ ಸೇರಿಸಿ.

ಕರಿಕೋಟು:
ಆಂಟೋನಿಯೊ ಹೆಸರೂ ಇರಲಿ ಚೀಟಿಯಲ್ಲಿ.

ಹಳೇ ಟಾಕೀಸ್:
ಬರೆದುಕೊಂಡೆ. ಫಲಿತಾಂಶ ಇಲ್ಲೇ ಹಾಕ್ತೀನಿ.